ಅಪ್ಪನ ಫೈಲು, ಒನ್ ಟೌನ್ ಪ್ರೆಸ್ಸು ಮತ್ತು ಒಂದು ಪೌಂಡ್ ಚಿಹ್ನೆ

ಈ ವಾರದ ವಿಡಿಯೋ ಸ್ವಲ್ಪ ಉದ್ದ ಆಯ್ತು. ಕ್ಯಾಬ್‌ನಲ್ಲಿ ಕೂತು ಓದೋರಿಗೆ ಅದರ ಬರಹ ರೂಪ ಇಲ್ಲಿದೆ.

ವಿಜಯವಾಡದ ಒನ್ ಟೌನ್ ನೋಡಿದೀರಾ? ಇಂದ್ರಕೀಲಾದ್ರಿ ಬೆಟ್ಟದ ಮಗ್ಗುಲಿನ ಹಳೇ ಊರು. ಕಾಳೇಶ್ವರರಾವ್ ಮಾರ್ಕೆಟ್ಟು, ಅದರ ಸುತ್ತ ಎರಡು ಬೈಕು ಎದುರಾದ್ರೆ ಒಂದು ನಿಲ್ಲಲೇಬೇಕಾದ ಗಲ್ಲಿಗಳು. ಅಲ್ಲಿನ ಒಂದು ಪ್ರೆಸ್ಸಿಗೆ ನಾನು ಅಪ್ಪನ ಫೈಲು ತಗೊಂಡು ಹೋಗಿದ್ದೆ. ಅಪ್ಪ ರಾಯಚೂರು ಕಡೆ ಮೇಷ್ಟ್ರಾಗಿದ್ದವರು. ನಿವೃತ್ತಿ ಆದಮೇಲೆ ತಮ್ಮ ನೆನಪುಗಳನ್ನು ತಾವೇ ಟೈಪ್ ಮಾಡಿದ್ದರು. ಅವರ ವರ್ಷಾಬ್ದಿಕಕ್ಕೆ ನೂರು ಪ್ರತಿ ಅಚ್ಚು ಹಾಕಿಸಿ ಹಂಚಬೇಕು ಅಂತ ಆಸೆ.

ಆಪರೇಟರ್ ಫೈಲ್ ತೆಗೆದ. ‘ಕನ್ನಡ’ ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರೋ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಒಂದು ಕ್ಯೂ, ಇನ್ನೊಂದು ಎ. ‘ಫಾಂಟ್ ಲೇದು ಸಾರ್’ ಅಂದ. ನಾನು ಎಂಟೆಕ್ ಮಾಡಿದವನು, ದಿನವೂ ಡೇಟಾ ಎನ್ಕೋಡಿಂಗ್ ಬಗ್ಗೆ ಭಾಷಣ ಬಿಗಿಯೋನು. ಅಪ್ಪನ ಫೈಲ್ ಒಳಗೆ ಏನಿದೆ ಅಂತ ಒಮ್ಮೆಯೂ ನೋಡಿರಲಿಲ್ಲ.

ಆ ಏಳು ಗುರುತುಗಳನ್ನು ನಿಧಾನಕ್ಕೆ ನೋಡಿ. ಪಿ ಅಂದ್ರೆ ತಲೆಕಟ್ಟು ಇಲ್ಲದ ಕ. ಮೂರು ಸಲ ಬರೋ ಆ ಎ ಬರೀ ತಲೆಕಟ್ಟು. ಪೌಂಡ್ ಚಿಹ್ನೆ ನ ಅಕ್ಷರದ ಒಡಲು, ಜರ್ಮನ್ ಎಸ್ ಅದರ ಒತ್ತು, ಕ್ಯೂ ಅಂದ್ರೆ ಡ. ಅಂದ್ರೆ ಕಂಪ್ಯೂಟರಿನಲ್ಲಿ ಉಳಿದಿರೋದು ‘ಕನ್ನಡ’ ಅನ್ನೋ ಪದ ಅಲ್ಲ, ಅದನ್ನು ಚಿತ್ರಿಸೋಕೆ ಬೇಕಾದ ಚೂರುಗಳು. ಯುನಿಕೋಡಿನಲ್ಲಿ ಇದೇ ಪದಕ್ಕೆ ಐದು ಸಂಕೇತ ಸಾಕು: ಕ, ನ, ವಿರಾಮ, ನ, ಡ.

ಈ ಚೂರುಗಳ ಲೆಕ್ಕ ಮೊಳೆ ಜೋಡಿಸೋ ಕಾಲದ್ದೇ. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹಿಡಿದು ನಮ್ಮ ಊರುಗಳ ಲಗ್ನಪತ್ರಿಕೆ ಪ್ರೆಸ್ಸಿನ ತನಕ, ಕನ್ನಡ ಮೊಳೆ ಜೋಡಿಸೋದು ಅಂದ್ರೆ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಮನೆಗಳಿರೋ ಪೆಟ್ಟಿಗೆಯಿಂದ ಅಕ್ಷರ, ಒತ್ತು ಹೆಕ್ಕೋದು. ಆದ್ರೆ ಅಲ್ಲಿ ಒಂದು ವ್ಯತ್ಯಾಸ ಇತ್ತು. ಲೇಖಕರ ಹಸ್ತಪ್ರತಿ ಬೇರೆ, ಪ್ರೆಸ್ಸಿನ ಮೊಳೆ ಬೇರೆ. ಮೊಳೆ ಕರಗಿಸಿದರೂ ಹಸ್ತಪ್ರತಿ ಯಾರು ಬೇಕಾದರೂ ಓದಬಹುದಿತ್ತು.

ಡಿಟಿಪಿ ಬಂದಾಗ ಹಸ್ತಪ್ರತಿಯೇ ಮೊಳೆಪೆಟ್ಟಿಗೆಗೆ ಅಂಟಿಕೊಂಡುಬಿಟ್ಟಿತು. ಅವತ್ತಿನ ಫಾಂಟಿನಲ್ಲಿ ಒಟ್ಟು 256 ಮನೆ, ಅದರಲ್ಲೂ ಎಲ್ಲವೂ ಬಳಸೋಕೆ ಸಿಗಲ್ಲ. ಗುಣಿತ, ಒತ್ತು ಎಲ್ಲ ಹಿಡಿಸೋಕೆ ಅಕ್ಷರ ಒಡೆಯಲೇಬೇಕು. ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚೂರನ್ನು ಕೂರಿಸಿದರು. ಯಾವ ಮನೆಯಲ್ಲಿ ಯಾವ ಚೂರು ಅನ್ನೋದು ಶ್ರೀಲಿಪಿಯದ್ದೇ ಒಂದು, ಪ್ರಕಾಶಕ್‌ದೇ ಇನ್ನೊಂದು. ಕನ್ನಡ ಗಣಕ ಪರಿಷತ್ತಿನ ನುಡಿ ಬಂದು, ಸರ್ಕಾರ ಒಂದು ಸಂಕೇತಪಟ್ಟಿ ಒಪ್ಪಿ, ಶೇಷಾದ್ರಿವಾಸು ಅವರ ಬರಹವೂ ಅದನ್ನೇ ಬಳಸಿದ್ದು ದೊಡ್ಡ ಉಪಕಾರ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಉಚ್ಚಾರಣೆಯಂತೆ ಟೈಪ್ ಮಾಡ್ತೀವಿ, ಅಪ್ಪನಂಥವರು ಒಂದು ವಾರದಲ್ಲಿ ಕಲಿತರು. ಆದರೆ ಒಳಗೆ ಉಳಿಯೋದು ಚೂರೇ. ಇದು ಕನ್ನಡ ಅಂತ ಹೇಳೋದು ಫಾಂಟಿನ ಹೆಸರೊಂದೇ.

ನನಗೆ ಬೇಜಾರು ತರಿಸೋದು ತಾರೀಖು. ಉಚ್ಚಾರಣೆಯಂತೆ ಅಕ್ಷರ ಉಳಿಸೋ ಭಾರತೀಯ ಮಾನಕ ಇಸ್ಕಿ 1991ರಲ್ಲಿ ಬಂತು. ಕನ್ನಡ ಇರೋ ಯುನಿಕೋಡ್ 1.0 ಕೂಡ 1991ರದ್ದೇ. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದದ್ದು 2001ರಲ್ಲಿ. ಅದೇ 2001ರಲ್ಲಿ ಪ್ರೆಸ್ಸುಗಳ ಪ್ರೀತಿಯ ಪೇಜ್‌ಮೇಕರ್ ತನ್ನ ಕೊನೆಯ ಆವೃತ್ತಿ 7ಕ್ಕೆ ನಿಂತಿತು, ಅದಕ್ಕೆ ಯುನಿಕೋಡ್ ಗೊತ್ತೇ ಇಲ್ಲ. ಇನ್‌ಡಿಸೈನ್ ತಾನಾಗಿ ಕನ್ನಡ ಒತ್ತು ಜೋಡಿಸೋಕೆ ಕಲಿತದ್ದು 2012ರ ಸಿಎಸ್6ರಲ್ಲಿ. ಇಪ್ಪತ್ತೊಂದು ವರ್ಷ! ಅಷ್ಟರಲ್ಲಿ ಪ್ರೆಸ್ಸಿನವರ ಕೈ ಹಳೇದಕ್ಕೆ ಪಳಗಿತ್ತು. ಅವರನ್ನು ಬೈಯೋದು ನ್ಯಾಯ ಅಲ್ಲ.

ತೆಲುಗಿನ ಕಥೆಯೂ ಇದೇ. ಆ ಗಲ್ಲಿಯಲ್ಲಿ ಅನು ಫಾಂಟ್ ಇಲ್ಲದೆ ಕೆಲಸ ನಡೆಯಲ್ಲ. ತಮಾಷೆ ಏನಂದ್ರೆ, ಯುನಿಕೋಡಿನಲ್ಲಿ ನಾವಿಬ್ಬರೂ ಪಕ್ಕದ ಮನೆಯವರು. ತೆಲುಗಿನ ಕ ಸಂಕೇತಕ್ಕೆ 128 ಕೂಡಿಸಿದರೆ ಕನ್ನಡದ ಕ.

ಸರಿ, ನುಡಿ ಫಾಂಟ್ ಫೈಲ್ ಕೊಟ್ಟೆ. ಹಳೇ ಪುಟಗಳು ಸರಿಯಾದವು. ಆದರೆ ಅಪ್ಪ ಕೊನೆಯ ವರ್ಷ ಮೊಬೈಲಿನಲ್ಲಿ ಬರೆದದ್ದು ಯುನಿಕೋಡ್. ಪೇಜ್‌ಮೇಕರಿಗೆ ಹಾಕಿದ ಕೂಡಲೇ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಮನೆಗೆ ಬಂದು ಎಲ್ಲವನ್ನೂ ಯುನಿಕೋಡಿಗೆ ಪರಿವರ್ತಿಸಿದೆ. ಈಗ ಹೊಸ ಅವಾಂತರ: ಅಪ್ಪ ವಿದೇಶಕ್ಕೆ ಹೋದ ಶಿಷ್ಯರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಪಟ್ಟಿ ಮಾಡಿದ್ದರು. ಪರಿವರ್ತಕಕ್ಕೆ ಅದು ಇಂಗ್ಲಿಷ್ ಅಂತ ಹೇಗೆ ಗೊತ್ತಾಗಬೇಕು? ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡ ಆದವು. ಮೂಲ ಫೈಲಿನಲ್ಲಿ ಫಾಂಟ್ ಹೆಸರು ನೋಡಿ ಒಂದೊಂದನ್ನೇ ತಿದ್ದಿದೆ. ಮೂಲ ಫೈಲನ್ನು ಯಾವತ್ತೂ ಅಳಿಸಬೇಡಿ.

ಆಮೇಲೆ ನಾನೇ ಪಿಡಿಎಫ್ ಮಾಡಿ, ಫಾಂಟುಗಳೆಲ್ಲ ಎಂಬೆಡ್ ಆಗಿವೆಯಾ ಅಂತ ಪ್ರಾಪರ್ಟೀಸಿನಲ್ಲಿ ನೋಡಿ ಕಳಿಸಿದೆ. ಆಪರೇಟರ್ ಪುಟ ಹೊಂದಿಸೋಕೆ ಅದನ್ನು ಕೋರೆಲ್‌ಡ್ರಾದಲ್ಲಿ ತೆರೆದ. ಕೋರೆಲ್ ಅದನ್ನು ಮತ್ತೆ ಪಠ್ಯ ಮಾಡೋಕೆ ಹೋಗಿ, ಒತ್ತೆಲ್ಲ ಬುಡದಿಂದ ಕಳಚಿ ಪಕ್ಕಕ್ಕೆ ನಿಂತವು. ಕೊನೆಗೆ ಅಕ್ಷರಗಳನ್ನೆಲ್ಲ ಔಟ್‌ಲೈನ್, ಅಂದ್ರೆ ಬರೀ ಗೆರೆ ಮಾಡಿ ಕೊಟ್ಟೆ. ಅದು ಹೇಗಿತ್ತೋ ಹಾಗೇ ಬಂತು. ಆಮೇಲೆ ಅಲ್ಲೇನೂ ತಿದ್ದೋಕಾಗಲ್ಲ, ಅದಕ್ಕೇ ಪ್ರೂಫಿನಲ್ಲಿ ಹೆಸರುಗಳನ್ನು ಬೆರಳಿಟ್ಟು ಓದಿದೆ.

ಒಂದು ಕಡೆ ಮಾತ್ರ ಸೋತೆ. ಅಪ್ಪ ಮೊಬೈಲಿನ ಐದು ಸಾಲನ್ನು ಹಿಂದೆಂದೋ ಯಾವುದೋ ಹಳೇ ಪ್ರೋಗ್ರಾಮಿಗೆ ಅಂಟಿಸಿ ಸೇವ್ ಮಾಡಿದ್ದರು. ಅಲ್ಲಿರೋದು ನಿಜವಾದ ಪ್ರಶ್ನಾರ್ಥಕ ಚಿಹ್ನೆಗಳೇ. ಫಾಂಟ್ ಬದಲಿಸಿದರೂ ಅದರ ಹಿಂದೆ ಏನೂ ಇಲ್ಲ. ಮೊಬೈಲು ಯಾವತ್ತೋ ಹೋಗಿತ್ತು. ಮೇಲಿನ ಸಾಲು ಅಜ್ಜಿ ಬಗ್ಗೆ, ಕೆಳಗಿನದು 1972ರ ಬರದ ಬಗ್ಗೆ. ಆ ಐದು ಸಾಲಿನ ಜಾಗವನ್ನು ಖಾಲಿ ಬಿಟ್ಟೆ. ಖಾಲಿ ಇರೋದು ತಪ್ಪಲ್ಲ ತಾನೆ ಅಂತ ಪ್ರೆಸ್ಸಿನಿಂದ ಎರಡು ಸಲ ಫೋನ್ ಬಂತು.