ಬಾಗಿಲು ತೆರೆದೇ ಇತ್ತು, ಹೊರಗೆ ಬಂದವರು ಹನ್ನೆರಡು ಮಂದಿ

ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಸಭೆ, ಧರಣಿಗಳಲ್ಲಿ ಫ್ಯಾಸಿಸಂ ಅನ್ನೋ ಮಾತು ಬಂದ ಕೂಡಲೇ ಪೋಸ್ಟರ್ ಮೇಲೆ ಹಿಟ್ಲರನ ಮೀಸೆ ಬಂದುಬಿಡುತ್ತೆ. ಒಬ್ಬ ಹುಚ್ಚ, ಅವನ ಸುತ್ತ ನಾಲ್ಕು ಜನ ಕ್ರೂರಿಗಳು, ಕೆಳಗೆ ಹೆದರಿ ನಡುಗುತ್ತಿದ್ದ ಕೋಟ್ಯಂತರ ಪಾಪದ ಜನ. ಈ ಚಿತ್ರ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಕೇರಿಯಲ್ಲಿ ಹುಟ್ಟಿದವರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ನಮ್ಮನ್ನ ಊರಿಂದಾಚೆ ಇಡೋದಕ್ಕೆ ಯಾವ ಸರ್ವಾಧಿಕಾರಿಯೂ ಬೇಕಾಗಿರಲಿಲ್ಲ. ಹೋಟೆಲಿನವನು, ಕ್ಷೌರದಂಗಡಿಯವನು, ಪೂಜಾರಿ, ಪಕ್ಕದ ಹೊಲದ ಗೌಡರು ಇಷ್ಟೇ ಸಾಕಾಗಿತ್ತು. ಹಾಗಾಗಿ ಜರ್ಮನಿಯ ಬಗ್ಗೆ ಓದುವಾಗ ನಾನು ಹುಡುಕೋದು ಹಿಟ್ಲರನನ್ನಲ್ಲ, ಆ ಹೋಟೆಲಿನವನನ್ನ.

ಅವನು ಸಿಕ್ಕಿದ್ದು ಪೋಲೆಂಡಿನ ಯುಜೆಫುವ್ ಅನ್ನೋ ಸಣ್ಣ ಊರಿನಲ್ಲಿ. 1942ರ ಜುಲೈ 13, ಇನ್ನೂ ಬೆಳಕು ಹರಿಯುವ ಹೊತ್ತು. ಹ್ಯಾಂಬರ್ಗ್ ನಗರದ ಮೀಸಲು ಪೊಲೀಸ್ ಬೆಟಾಲಿಯನ್ 101 ಅಲ್ಲಿ ಲಾರಿಗಳಿಂದ ಇಳಿಯಿತು. ಸುಮಾರು 500 ಜನ. ಇವರು ಹಿಟ್ಲರನ ಕಾಲದ ಶಾಲೆಯಲ್ಲಿ ಬೆಳೆದ ಬಿಸಿರಕ್ತದ ಹುಡುಗರಲ್ಲ. ಸರಾಸರಿ ವಯಸ್ಸು 39. ಸೈನ್ಯಕ್ಕೆ ವಯಸ್ಸಾಯ್ತು ಅಂತ ಪೊಲೀಸ್ ಕೆಲಸಕ್ಕೆ ಹಾಕಿದ್ದ ಮನೆಮಠ ಇರೋ ಗಂಡಸರು. ಬಂದರಿನ ಕೂಲಿಗಳು, ಲಾರಿ ಡ್ರೈವರುಗಳು, ಗೋದಾಮಿನವರು, ಹೋಟೆಲ್ ಮಾಣಿಗಳು, ಗುಮಾಸ್ತರು. ಹೆಚ್ಚಿನವರು ಕಾರ್ಮಿಕ ವರ್ಗದವರು, ಅದೂ ಕೆಂಬಾವುಟದ ಬಲ ಇದ್ದ ಹ್ಯಾಂಬರ್ಗಿನವರು. ದಾಖಲೆ ಸಿಕ್ಕವರ ಪೈಕಿ ನಾಜಿ ಪಕ್ಷದ ಸದಸ್ಯರು ಸುಮಾರು ಕಾಲು ಭಾಗ. ವರ್ಗಪ್ರಜ್ಞೆಯೊಂದೇ ಮನುಷ್ಯನನ್ನ ಕಾಪಾಡುತ್ತೆ ಅಂತ ನಂಬಿರೋ ಗೆಳೆಯರು ಈ ಪಟ್ಟಿಯನ್ನ ಇನ್ನೊಂದು ಸಲ ಓದಿಕೊಳ್ಳಲಿ.

ಇವರ ಮುಖ್ಯಸ್ಥ ಮೇಜರ್ ವಿಲ್ಹೆಲ್ಮ್ ಟ್ರಾಪ್. ಐವತ್ತು ದಾಟಿದ್ದ, ಪೊಲೀಸರು ಅವನನ್ನ ‘ಪಾಪಾ ಟ್ರಾಪ್’ ಅಂತಿದ್ದರು. ಎಲ್ಲರನ್ನೂ ಅರ್ಧ ವೃತ್ತದಲ್ಲಿ ನಿಲ್ಲಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಅವತ್ತಿನ ಕೆಲಸ ಹೇಳಿದ. ಈ ಊರಿನ ಯಹೂದಿಗಳಲ್ಲಿ ದುಡಿಯಬಲ್ಲ ಗಂಡಸರನ್ನ ಬೇರೆ ಮಾಡಬೇಕು. ಉಳಿದ ಹೆಂಗಸರು, ಮಕ್ಕಳು, ಮುದುಕರನ್ನ ಕಾಡಿಗೆ ಕರೆದೊಯ್ದು ಗುಂಡಿಟ್ಟು ಕೊಲ್ಲಬೇಕು. ಆಮೇಲೆ ಯಾವ ನಾಜಿ ಸಿನಿಮಾದಲ್ಲೂ ತೋರಿಸದ ಒಂದು ಮಾತು ಸೇರಿಸಿದ. ವಯಸ್ಸಾದವರಲ್ಲಿ ಯಾರಿಗೆ ಇದು ಆಗಲ್ಲ ಅನ್ಸುತ್ತೋ ಅವರು ಹೊರಗೆ ಬರಬಹುದು ಅಂದ.

ಒಬ್ಬ ಹೆಜ್ಜೆ ಮುಂದಿಟ್ಟ. ಅವನ ಕ್ಯಾಪ್ಟನ್ ಅವನ ಮೇಲೆ ಕೂಗಾಡಿದ. ಮೇಜರ್ ಕ್ಯಾಪ್ಟನ್ನನ ಬಾಯಿ ಮುಚ್ಚಿಸಿ ಆ ಮನುಷ್ಯನನ್ನ ತನ್ನ ರಕ್ಷಣೆಗೆ ತಗೊಂಡ. ಅದನ್ನ ನೋಡಿ ಇನ್ನೂ ಹತ್ತು ಹನ್ನೆರಡು ಜನ ಬಂದೂಕು ಒಪ್ಪಿಸಿ ಪಕ್ಕಕ್ಕೆ ನಿಂತರು. ಉಳಿದವರು ನಿಂತಲ್ಲೇ ನಿಂತರು.

ಸಂಜೆವರೆಗೆ ಕನಿಷ್ಠ 1,500 ಜನರನ್ನ ಕೊಂದರು. ಬೆಟಾಲಿಯನ್ನಿನ ಡಾಕ್ಟರ್ ಗುಂಡು ಕತ್ತಿನ ಯಾವ ಜಾಗಕ್ಕೆ ಬೀಳಬೇಕು ಅಂತ ತೋರಿಸಿಕೊಟ್ಟ. ಒಬ್ಬೊಬ್ಬ ಪೊಲೀಸಿಗೆ ಒಬ್ಬೊಬ್ಬ ಯಹೂದಿ, ಜೋಡಿಯಾಗಿ ನಡೆಸಿಕೊಂಡು ಹೋಗಿದ್ದು. ಅಂದರೆ ಮುಖ ನೋಡಿಯೇ ಕೊಂದಿದ್ದು. ಮಧ್ಯದಲ್ಲಿ ತಡೆಯೋಕಾಗದೆ ಬಿಟ್ಟುಹೋದವರೂ ಇದ್ದರು, ಅವರನ್ನೂ ಯಾರೂ ಶಿಕ್ಷಿಸಲಿಲ್ಲ. ಹ್ಯಾಂಬರ್ಗಿನಲ್ಲಿ ಮರದ ವ್ಯಾಪಾರದ ಮನೆತನಕ್ಕೆ ಸೇರಿದ ಒಬ್ಬ ಲೆಫ್ಟಿನೆಂಟ್ ಹಿಂದಿನ ರಾತ್ರಿಯೇ ನನ್ನಿಂದಾಗಲ್ಲ ಅಂತ ಹೇಳಿದ್ದ. ಅವನಿಗೆ ಬೇರೆ ಡ್ಯೂಟಿ ಕೊಟ್ಟರು, ದುಡಿಮೆಗೆ ಆರಿಸಿದ ಗಂಡಸರನ್ನ ಲುಬ್ಲಿನ್‌ಗೆ ಕರೆದುಕೊಂಡು ಹೋಗೋದು. ಅಷ್ಟೇ. ರಾತ್ರಿ ಉಳಿದವರಿಗೆ ಹೆಂಡ ಕೊಟ್ಟರು. ಊಟ ಸೇರಲಿಲ್ಲ, ಆ ದಿನದ ಮಾತು ಯಾರೂ ಎತ್ತಲಿಲ್ಲ.

ಈ ವಿವರಗಳು ನಮಗೆ ಗೊತ್ತಾಗಿದ್ದು 1960ರ ದಶಕದಲ್ಲಿ ಹ್ಯಾಂಬರ್ಗಿನ ತನಿಖಾಧಿಕಾರಿಗಳು ಇವರಲ್ಲಿ 210 ಜನರನ್ನ ವಿಚಾರಣೆ ಮಾಡಿದ್ದರಿಂದ. ಆ ಹೇಳಿಕೆಗಳನ್ನ ಓದಿ ಇತಿಹಾಸಕಾರ ಕ್ರಿಸ್ಟೋಫರ್ ಬ್ರೌನಿಂಗ್ 1992ರಲ್ಲಿ ‘ಆರ್ಡಿನರಿ ಮೆನ್’ ಪುಸ್ತಕ ಬರೆದರು.

“ಮಾಡದಿದ್ದರೆ ನಮ್ಮನ್ನೇ ಕೊಲ್ಲುತ್ತಿದ್ದರು” ಅನ್ನೋದು ಯುದ್ಧದ ನಂತರ ಜರ್ಮನಿಯಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ನೂರಾರು ಮೊಕದ್ದಮೆಗಳು ನಡೆದವು. ನಿರಾಯುಧ ಜನರನ್ನ ಕೊಲ್ಲಲ್ಲ ಅಂದಿದ್ದಕ್ಕೆ ಒಬ್ಬನಿಗೆ ಮರಣದಂಡನೆಯೋ ಘೋರ ಶಿಕ್ಷೆಯೋ ಆಯ್ತು ಅನ್ನೋ ಒಂದೇ ಒಂದು ದಾಖಲೆಯನ್ನ ಯಾವ ವಕೀಲನೂ ತರಲಾಗಲಿಲ್ಲ. ಹಾಗಂತ ಆ ರಾಜ್ಯ ದಯಾಮಯಿ ಆಗಿತ್ತು ಅಂತಲ್ಲ. ಸೈನ್ಯ ಬಿಟ್ಟು ಓಡಿದವರಲ್ಲಿ 15,000ಕ್ಕೂ ಹೆಚ್ಚು ಜನರನ್ನ ಕೊಂದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಮರಣದಂಡನೆ ಕೊಟ್ಟಿದ್ದು ಒಟ್ಟು 48 ಜನರಿಗೆ ಮಾತ್ರ. ಕಮ್ಯುನಿಸ್ಟರು, ಸೋಷಿಯಲ್ ಡೆಮಾಕ್ರಾಟರು 1933ರಿಂದಲೇ ಡಖಾವ್ ಕ್ಯಾಂಪಿನಲ್ಲಿದ್ದರು, ಅವರ ಭಯ ನಿಜವಾದ ಭಯ. ಆದರೆ ಯುಜೆಫುವ್‌ನಲ್ಲಿ ನಿಂತವರ ಮುಂದೆ ಇದ್ದ ಭಯ ಅದಲ್ಲ.

ಹಾಗಾದ್ರೆ ಯಾವುದು? ಅವರೇ ಹೇಳಿದ್ದಾರೆ. ಎಲ್ಲರ ಮುಂದೆ ಮುಖ ಕಳ್ಕೊಳ್ಳೋಕೆ ಯಾರಿಗೆ ಧೈರ್ಯ ಇರುತ್ತೆ ಅಂದ ಒಬ್ಬ. ನಾನು ಹೇಡಿಯಾಗಿದ್ದೆ ಅಂತ ಇನ್ನೊಬ್ಬ ಒಪ್ಪಿಕೊಂಡ. ಜೊತೆಯವರು ಕಷ್ಟದ ಕೆಲಸ ಮಾಡುವಾಗ ತಾನೊಬ್ಬ ತಪ್ಪಿಸಿಕೊಂಡ ಅನ್ನೋ ಹೆಸರು ಬರಬಾರದು, ಇಷ್ಟೇ. ಹೊರಗೆ ಬಂದವರು ಕೂಡ ಇದು ಅನ್ಯಾಯ ಅಂತ ಹೇಳಿದ್ದು ಕಡಿಮೆ. ನನ್ನ ಮನಸ್ಸು ಗಟ್ಟಿ ಇಲ್ಲ, ನಾನು ದುರ್ಬಲ ಅಂದರು. ಹಾಗೆ ಅಂದ್ರೆ ಜೊತೆಯವರಿಗೆ ಬೇಜಾರಾಗಲ್ಲ ನೋಡಿ.

ಇಲ್ಲಿ ನನಗೆ ಬಾಬಾಸಾಹೇಬರು ನೆನಪಾಗ್ತಾರೆ. ಸರ್ಕಾರದ ದಬ್ಬಾಳಿಕೆಗಿಂತ ಸಮಾಜದ ದಬ್ಬಾಳಿಕೆ ದೊಡ್ಡದು, ಸರ್ಕಾರವನ್ನ ಎದುರಿಸೋನಿಗಿಂತ ಸಮಾಜವನ್ನ ಎದುರಿಸೋನಿಗೆ ಹೆಚ್ಚು ಧೈರ್ಯ ಬೇಕು ಅನ್ನೋ ಅರ್ಥದ ಮಾತನ್ನ ಅವರು 1936ರಲ್ಲೇ, ‘ಜಾತಿ ವಿನಾಶ’ದಲ್ಲಿ ಬರೆದಿದ್ದರು. ಯುಜೆಫುವ್‌ನಲ್ಲಿ ಸರ್ಕಾರದ ಕಡೆಯ ಮನುಷ್ಯನೇ ಬಾಗಿಲು ತೆಗೆದು ಹೋಗ್ರಪ್ಪಾ ಅಂದ. ಅಕ್ಕಪಕ್ಕ ನಿಂತಿದ್ದ ಗೆಳೆಯರ ಕಣ್ಣುಗಳು ಬಿಡಲಿಲ್ಲ.

ಡೇನಿಯಲ್ ಗೋಲ್ಡ್‌ಹಾಗನ್ ಅನ್ನೋ ಇನ್ನೊಬ್ಬ ವಿದ್ವಾಂಸ 1996ರಲ್ಲಿ ಬ್ರೌನಿಂಗ್ ಜೊತೆ ಜಗಳಕ್ಕೇ ನಿಂತರು. ಸಂಗಾತಿಗಳ ಒತ್ತಡ ಅನ್ನೋದು ನೆಪ, ಜರ್ಮನರ ಎದೆಯಲ್ಲಿ ತಲೆಮಾರುಗಳಿಂದ ಯಹೂದಿ ದ್ವೇಷ ಇತ್ತು ಅನ್ನೋದು ಅವರ ವಾದ. ನನ್ನ ಪ್ರಕಾರ ಇಬ್ಬರೂ ಒಂದು ವಿಷಯವನ್ನ ಅರ್ಧಕ್ಕೆ ಬಿಟ್ಟಿದ್ದಾರೆ. ದಿನಾ ದ್ವೇಷ ಮಾಡ್ತಾ ಕೂರಬೇಕಿಲ್ಲ. ಎದುರಿನವರು ನಮ್ಮ ಲೆಕ್ಕಕ್ಕೆ ಸೇರಿದವರಲ್ಲ ಅನ್ನೋದು ಮೊದಲೇ ತೀರ್ಮಾನ ಆಗಿದ್ರೆ ಸಾಕು. ಟ್ರಾಪ್ ಅತ್ತ ನಿಜ, ತನ್ನ ಹುಡುಗರು ಇಂಥಾ ಕೆಲಸ ಮಾಡಬೇಕಾಯ್ತಲ್ಲ ಅಂತ ಅತ್ತ.

ಆ ತೀರ್ಮಾನ ಆಗಿದ್ದು 1942ರಲ್ಲಿ ಅಲ್ಲ. ಒಂಬತ್ತು ವರ್ಷ ಮುಂಚೆಯೇ ಶುರುವಾಗಿತ್ತು, ಅದೂ ಊರೂರಲ್ಲಿ. ಬರ್ಲಿನ್‌ನಿಂದ ಕಾನೂನು ಬರೋದಕ್ಕೂ ಮೊದಲೇ ಎಷ್ಟೋ ಪುರಸಭೆಗಳು ತಾವಾಗಿಯೇ ಈಜುಕೊಳಗಳಿಗೆ ಯಹೂದಿಗಳು ಇಳಿಯಬಾರದು ಅಂತ ಬೋರ್ಡ್ ಹಾಕಿದವು. ಆಮೇಲೆ ಪಾರ್ಕಿನ ಬೆಂಚು. ಚೌಡಾರ್ ಕೆರೆಯ ಕಥೆ ಗೊತ್ತಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಿ ಕೆಲಸ ಬೇಕಂದ್ರೆ ಅಜ್ಜ ಅಜ್ಜಿ ಯಹೂದಿ ಅಲ್ಲ ಅಂತ ಪ್ರಮಾಣಪತ್ರ ತರಬೇಕು. ಜನ ಸಾಲುಗಟ್ಟಿ ಚರ್ಚಿಗೆ ಹೋಗಿ ಹಳೇ ದೀಕ್ಷಾಸ್ನಾನದ ರಿಜಿಸ್ಟರ್ ತೆಗೆಸಿದರು, ಪಾದ್ರಿಗಳು ನಕಲು ಬರೆದುಕೊಟ್ಟರು. ನಾವು ತಹಶೀಲ್ದಾರ್ ಕಚೇರಿಯಲ್ಲಿ ನಿಲ್ಲೋದು ಆದ ಅನ್ಯಾಯಕ್ಕೆ ಪರಿಹಾರ ಕೇಳೋಕೆ. ಅವರು ನಿಂತಿದ್ದು ನಾವು ಮೈಲಿಗೆಯವರಲ್ಲ ಅಂತ ಬರೆಸಿಕೊಳ್ಳೋಕೆ. 1935ರ ನ್ಯೂರೆಂಬರ್ಗ್ ಕಾನೂನು ಮದುವೆಯನ್ನೂ ನಿಷೇಧ ಮಾಡಿತು.

ಈ ಕಾನೂನು ಮುರಿದವರನ್ನ ಗೆಸ್ಟಾಪೊ ಹೇಗೆ ಹಿಡೀತಿತ್ತು? ಗೋಡೆಗೋಡೆಗೂ ಕಿವಿ ಇಟ್ಟಿತ್ತು ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. 1937ರಲ್ಲಿ ವುರ್ಟ್ಸ್‌ಬುರ್ಗ್ ಕಚೇರಿಯಲ್ಲಿ ಇದ್ದವರು 22 ಜನ, ಅವರ ಕೈಕೆಳಗಿನ ಪ್ರದೇಶದ ಜನಸಂಖ್ಯೆ 8 ಲಕ್ಷಕ್ಕೂ ಹೆಚ್ಚು. ಇಷ್ಟು ಜನ ಯಾರ ಗೋಡೆಗೆ ಅಂತ ಕಿವಿ ಇಡ್ತಾರೆ! ಅಲ್ಲಿ ಉಳಿದ ಕಡತಗಳನ್ನ ಓದಿದ ರಾಬರ್ಟ್ ಗೆಲಾಟ್ಲಿ ಕಂಡುಕೊಂಡಿದ್ದು ಏನಂದ್ರೆ, ಯಹೂದಿಗಳ ಜೊತೆ ಸಂಬಂಧ ಇಟ್ಟುಕೊಂಡರು ಅನ್ನೋ ಕೇಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶುರುವಾಗಿದ್ದು ಸಾಮಾನ್ಯ ಜನ ಕೊಟ್ಟ ದೂರಿನಿಂದ. ನೆರೆಮನೆಯವರು, ಬಾಡಿಗೆ ಮನೆ ಕೊಟ್ಟವರು, ಜೊತೆ ಕೆಲಸದವರು. ಎಷ್ಟೋ ಸಲ ಮನೆ ಜಗಳ, ಹೊಟ್ಟೆಕಿಚ್ಚು, ವ್ಯಾಪಾರದ ಪೈಪೋಟಿ ಇದರ ಹಿಂದೆ.

ಜನ ಬಾಯಿ ಬಿಟ್ಟರೆ ಏನೂ ಆಗ್ತಿರಲಿಲ್ಲ ಅನ್ನೋರಿಗೆ 1941ರ ಆಗಸ್ಟ್ ನೆನಪಿಸ್ತೀನಿ. ಮಾನಸಿಕ ಅಸ್ವಸ್ಥರನ್ನ, ಅಂಗವಿಕಲರನ್ನ ಆಸ್ಪತ್ರೆಗಳಿಂದ ಎತ್ತಿಕೊಂಡು ಹೋಗಿ ವಿಷಾನಿಲದಲ್ಲಿ ಸಾಯಿಸುತ್ತಿದ್ದರು, ಅಷ್ಟರಲ್ಲಿ 70,000ಕ್ಕೂ ಹೆಚ್ಚು ಜನ ಸತ್ತಿದ್ದರು. ಸತ್ತವರು ಜರ್ಮನರದೇ ಮಕ್ಕಳು, ತಾಯಂದಿರು. ಮನೆಗಳಲ್ಲಿ ಗುಸುಗುಸು ಎದ್ದಿತು. ಮ್ಯೂನ್‌ಸ್ಟರಿನ ಬಿಷಪ್ ಫಾನ್ ಗಾಲೆನ್ ಆಗಸ್ಟ್ 3ರಂದು ಚರ್ಚಿನಲ್ಲೇ ಇದನ್ನ ಕೊಲೆ ಅಂತ ಕರೆದರು. ಅದೇ ತಿಂಗಳು 24ಕ್ಕೆ ಹಿಟ್ಲರ್ ಆ ಕಾರ್ಯಕ್ರಮ ನಿಲ್ಲಿಸಲು ಹೇಳಬೇಕಾಯ್ತು. ಆಮೇಲೆ ಗುಟ್ಟಾಗಿ ಮುಂದುವರಿಸಿದರು, ಅದು ಬೇರೆ ಮಾತು. ಬಿಷಪ್ಪನ್ನ ಮಾತ್ರ ಮುಟ್ಟಲಿಲ್ಲ. ಎರಡೇ ತಿಂಗಳಲ್ಲಿ, ಅಕ್ಟೋಬರಿನಲ್ಲಿ, ಹ್ಯಾಂಬರ್ಗಿನ ಯಹೂದಿಗಳನ್ನ ರೈಲು ಹತ್ತಿಸೋಕೆ ಶುರು ಮಾಡಿದರು. ಅವರನ್ನ ಕೂಡಿಹಾಕಿದ ಕಟ್ಟಡ ಊರಾಚೆ ಇರಲಿಲ್ಲ, ವಿಶ್ವವಿದ್ಯಾಲಯದ ಲೈಬ್ರರಿ ಪಕ್ಕದಲ್ಲಿತ್ತು. ಕಾವಲಿಗಿದ್ದವರಲ್ಲಿ ಇದೇ ಬೆಟಾಲಿಯನ್ 101ರವರೂ ಇದ್ದರು. ಬೆಂಚು, ಕೊಳ, ಕೆಲಸ, ಮದುವೆ ಒಂದೊಂದಾಗಿ ಕಿತ್ತುಕೊಂಡ ಮೇಲೆ ಆ ರೈಲಿನಲ್ಲಿದ್ದವರಿಗಾಗಿ ಗುಸುಗುಸು ಮಾಡೋಕೆ ಮನೆಗಳೇ ಉಳಿದಿರಲಿಲ್ಲ.

ಮನುಷ್ಯರು ಹೋದರು, ಸಾಮಾನು ಉಳಿಯಿತು. ಹ್ಯಾಂಬರ್ಗಿನಲ್ಲಿ ಯುದ್ಧದ ವರ್ಷಗಳಲ್ಲಿ ಯಹೂದಿಗಳ ಮನೆ ಸಾಮಾನಿನ ಹರಾಜು ಹೆಚ್ಚುಕಮ್ಮಿ ದಿನನಿತ್ಯದ ಸಂತೆಯಾಗಿತ್ತು. ಊರಿನ ಯಹೂದಿಗಳದ್ದು ಸಾಲದು ಅಂತ ಹಾಲೆಂಡಿನಿಂದ ಹಡಗುಗಟ್ಟಲೆ ಬಂತು. ಇತಿಹಾಸಕಾರ ಫ್ರಾಂಕ್ ಬಯೋರ್ ಲೆಕ್ಕದ ಪ್ರಕಾರ ಹ್ಯಾಂಬರ್ಗ್ ಮತ್ತು ಸುತ್ತಮುತ್ತ ಕೊಂಡುಕೊಂಡವರು ಕನಿಷ್ಠ 1 ಲಕ್ಷ ಜನ. ಕಾರ್ಮಿಕರ ಬಡಾವಣೆಯಲ್ಲಿ ಲೈಬ್ರರಿಯನ್ ಆಗಿದ್ದ ಹೆಣ್ಣುಮಗಳೊಬ್ಬರು ಯುದ್ಧದ ನಂತರ ನೆನಪಿಸಿಕೊಂಡಿದ್ದಾರೆ: ಸಾಧಾರಣ ಮನೆಯ ಹೆಂಗಸರು ಇದ್ದಕ್ಕಿದ್ದಂತೆ ತುಪ್ಪಳದ ಕೋಟು ಹಾಕಿಕೊಂಡರು, ಬಂದರಿನಿಂದ ಬಂದ ಹಳೇ ಕಾಲದ ಮೇಜು ಕುರ್ಚಿ, ರತ್ನಗಂಬಳಿ ಮನೆಯಲ್ಲಿತ್ತು. ಎಲ್ಲಿಂದ ಬಂತು ಅಂತ ಗೊತ್ತಿತ್ತು. ಯುಜೆಫುವ್ ಕಾಡಿನಲ್ಲಿ ಬಂದೂಕು ಹಿಡಿದಿದ್ದ ಬಂದರು ಕೂಲಿಗಳ ಊರು ಇದೇ.

ಇದೆಲ್ಲ ಪೊಲೀಸರು, ಎಸ್‌ಎಸ್‌ನವರು ಮಾಡಿದ್ದು, ಸೈನಿಕರು ಬರೀ ಯುದ್ಧ ಮಾಡಿದರು ಅನ್ನೋ ಕಥೆಯನ್ನ ಜರ್ಮನಿ ಐವತ್ತು ವರ್ಷ ಹೇಳಿಕೊಂಡಿತು. ಸೈನ್ಯದ ಕೈಗೆ ಸುಮಾರು 57 ಲಕ್ಷ ಸೋವಿಯತ್ ಸೈನಿಕರು ಸೆರೆ ಸಿಕ್ಕಿದರು, ಅವರಲ್ಲಿ ಸುಮಾರು 33 ಲಕ್ಷ ಜನ ಹಸಿವು, ಚಳಿ, ಗುಂಡಿಗೆ ಸತ್ತರು. ಕಾವಲಿಗಿದ್ದವರು ಹೆಚ್ಚಿನಂಶ ಸೈನಿಕರೇ. 1995ರಲ್ಲಿ ಹ್ಯಾಂಬರ್ಗಿನ ಒಂದು ಸಂಶೋಧನಾ ಸಂಸ್ಥೆ ಫೋಟೋ ಪ್ರದರ್ಶನ ಊರೂರಿಗೆ ಒಯ್ದಾಗ ದೇಶ ಬೆಂಕಿಯಾಯ್ತು. ಗಲ್ಲಿಗೆ ನೇತುಹಾಕಿದವರ ಪಕ್ಕ ನಗುತ್ತ ನಿಂತ ಫೋಟೋಗಳು, ಎಷ್ಟೋ ಸೈನಿಕರೇ ತೆಗೆದಿದ್ದು. ಜನ ಅದರಲ್ಲಿ ತಮ್ಮ ಅಪ್ಪನ ಮುಖ ಹುಡುಕಿದರು. ಕೆಲವು ಫೋಟೋಗಳ ವಿವರ ತಪ್ಪಾಗಿತ್ತು, 1999ರಲ್ಲಿ ಪ್ರದರ್ಶನ ನಿಲ್ಲಿಸಿ ತಜ್ಞರು ಪರಿಶೀಲಿಸಿದರು. ಮೂಲ ಆರೋಪ ಸರಿಯಿದೆ ಅಂತಲೇ ಹೇಳಿದರು.

ಅದೇ ಸೈನ್ಯದಲ್ಲಿ ಆಂಟನ್ ಶ್ಮಿಡ್ ಇದ್ದ. ವಿಯೆನ್ನಾದಲ್ಲಿ ರೇಡಿಯೊ ಅಂಗಡಿ ಇಟ್ಟುಕೊಂಡಿದ್ದವನು, ವಿಲ್ನಿಯಸ್‌ನಲ್ಲಿ ಸಾರ್ಜೆಂಟ್. ಸೈನ್ಯದ ಲಾರಿಯಲ್ಲೇ, ಸೈನ್ಯದ ಕಾಗದಪತ್ರದಲ್ಲೇ ಯಹೂದಿಗಳನ್ನ ದಾಟಿಸಿದ. ಇನ್ನೂರೈವತ್ತರಷ್ಟು ಜನ ಬದುಕಿದರು. 1942ರ ಏಪ್ರಿಲ್ 13ರಂದು ಅವನನ್ನ ಗುಂಡಿಟ್ಟು ಕೊಂದರು. ಕೊಲ್ಲಲ್ಲ ಅಂತ ಪಕ್ಕಕ್ಕೆ ನಿಂತರೆ ಏನೂ ಆಗ್ತಿರಲಿಲ್ಲ, ಉಳಿಸೋಕೆ ಹೋದರೆ ಹೀಗೆ. ಊರಲ್ಲಿ ಅಕ್ಕಪಕ್ಕದವರು ಅವನ ಹೆಂಡತಿಯನ್ನ ದೇಶದ್ರೋಹಿಯ ಹೆಂಡತಿ ಅಂತ ಪೀಡಿಸಿದರು. ಜರ್ಮನ್ ಸೈನ್ಯ ಒಂದು ಬ್ಯಾರಕ್ಕಿಗೆ ಅವನ ಹೆಸರಿಡೋಕೆ 2000ನೇ ಇಸವಿ ಬರಬೇಕಾಯ್ತು.

ಬೆಟಾಲಿಯನ್ 101 ಯುಜೆಫುವ್ ನಂತರ ಕೆಲಸಕ್ಕೆ ಒಗ್ಗಿಕೊಂಡಿತು. 1943ರ ಕೊನೆಯೊಳಗೆ ಕನಿಷ್ಠ 38,000 ಜನರನ್ನ ಗುಂಡಿಟ್ಟು ಕೊಂದಿತ್ತು, 45,000 ಜನರನ್ನ ಟ್ರೆಬ್ಲಿಂಕಾ ರೈಲು ಹತ್ತಿಸಿತ್ತು. ಮೇಜರ್ ಕಣ್ಣೀರು ಹಾಕಿದ ದಿನ ಇದ್ದ ಅದೇ ಲಾರಿ ಡ್ರೈವರುಗಳು, ಅದೇ ಮಾಣಿಗಳು. ಯುದ್ಧ ಮುಗಿದ ಮೇಲೆ ಹೆಚ್ಚಿನವರು ತಮ್ಮ ಹಳೇ ಕೆಲಸಕ್ಕೆ ವಾಪಸ್ ಹೋದರು. ಕ್ಯಾಪ್ಟನ್ನುಗಳಿಬ್ಬರು ಹ್ಯಾಂಬರ್ಗ್ ಪೊಲೀಸ್ ಇಲಾಖೆಯಲ್ಲೇ ಮುಂದುವರಿದರು. ವಿಚಾರಣೆಗೊಳಗಾದ 210 ಜನರಲ್ಲಿ ಆರೋಪ ಹೊರಿಸಿದ್ದು 14 ಜನರ ಮೇಲೆ. ಜೈಲಿಗೆ ಹೋದವರು ಬೆರಳೆಣಿಕೆ, ಅವರ ಶಿಕ್ಷೆಯೂ ಮೇಲ್ಮನವಿಯಲ್ಲಿ ಇಳಿಯಿತು. ಕಂಬಾಲಪಲ್ಲಿಯಲ್ಲಿ ಏಳು ಜನರನ್ನ ಸುಟ್ಟ ಕೇಸಿನಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾದದ್ದನ್ನ ಕಂಡ ನನಗೆ ಈ ಸಂಖ್ಯೆ ಆಶ್ಚರ್ಯ ತರಲಿಲ್ಲ.

ಟ್ರಾಪ್‌ನನ್ನ ಪೋಲೆಂಡಿಗೆ ಒಪ್ಪಿಸಿದ್ದರು. 1948ರ ಜುಲೈನಲ್ಲಿ ಒಂದೇ ದಿನದಲ್ಲಿ ವಿಚಾರಣೆ ಮುಗೀತು, ಡಿಸೆಂಬರಿನಲ್ಲಿ ಮರಣದಂಡನೆ ಆಯ್ತು. ತಾಲ್ಚಿನ್ ಅನ್ನೋ ಹಳ್ಳಿಯಲ್ಲಿ ಸೇಡಿಗಾಗಿ 78 ಪೋಲಿಷ್ ಜನರನ್ನ ಕೊಲ್ಲಿಸಿದ್ದು ಆ ಮೊಕದ್ದಮೆಯ ವಿಷಯ. ಯುಜೆಫುವ್ ಕಾಡಿನ 1,500 ಯಹೂದಿಗಳು ಅದರಲ್ಲಿ ಬರಲಿಲ್ಲ.