ಬ್ರಾಡ್‌ಬ್ಯಾಂಡ್ ಕಂಪನಿ ಬದಲಿಸುವ ಯೋಚನೆಯೇ? ಹಣ ಕಟ್ಟುವ ಮುನ್ನ ಈ ಪರೀಕ್ಷೆ ಮಾಡಿ

ಲಿಫ್ಟ್ ಪಕ್ಕ ಅಂಟಿಸಿದ ಚೀಟಿಯಲ್ಲಿ '300 ಎಂಬಿಪಿಎಸ್ ಫೈಬರ್, ಇನ್‌ಸ್ಟಾಲೇಶನ್ ಉಚಿತ' ಎಂದಿರುತ್ತದೆ. ಮನೆಯೊಳಗೆ ನೋಡಿದರೆ ಆಫೀಸ್ ಮೀಟಿಂಗ್ ನಡುವೆ ವಿಡಿಯೋ ನಿಂತುಹೋಗಿರುತ್ತದೆ, ಊರಿನಲ್ಲಿರುವ ಅಪ್ಪ-ಅಮ್ಮನ ವಿಡಿಯೋ ಕಾಲ್ ಅರ್ಧಕ್ಕೇ ಕಟ್ ಆಗುತ್ತದೆ. ಹಳೇ ಕಂಪನಿಗೆ ಕೈಮುಗಿದು ಹೊಸದಕ್ಕೆ ಹೋಗೋಣ ಎನಿಸುವುದು ಸಹಜ. ಆದರೆ ನಿಧಾನವಾಗಿರುವುದು ಮನೆಗೆ ಬರುವ ಲೈನೋ, ಮನೆಯೊಳಗಿನ ವೈಫೈಯೋ ಎಂದು ತಿಳಿಯದೆ ಬದಲಿಸಿದರೆ, ವರ್ಷದ ಹಣ ಕಟ್ಟಿದ ಮೇಲೂ ಅದೇ ಸಮಸ್ಯೆ ಉಳಿಯಬಹುದು.

ಮೊದಲು ಕೇಬಲ್ ಪರೀಕ್ಷೆ

ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಜೋಡಿಸಿ. ಟಿವಿ, ಮೊಬೈಲ್‌ಗಳ ವೈಫೈ ಆಫ್ ಮಾಡಿ ಸ್ಪೀಡ್ ಟೆಸ್ಟ್ ನಡೆಸಿ. ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ 9ರ ಸುಮಾರಿಗೆ, ಮೂರ್ನಾಲ್ಕು ದಿನ ಹೀಗೆ ಮಾಡಿ ಬರೆದಿಟ್ಟುಕೊಳ್ಳಿ. ಬಳಿಕ ಮೊಬೈಲ್‌ನಲ್ಲಿ ವೈಫೈ ಮೂಲಕ ಮಲಗುವ ಕೋಣೆಯಲ್ಲಿ ಅದೇ ಪರೀಕ್ಷೆ ಮಾಡಿ. ಟ್ರಾಯ್‌ನ 'ಮೈಸ್ಪೀಡ್' ಆಪ್ ಇದಕ್ಕೆ ಸಾಕು.

* ಕೇಬಲ್‌ನಲ್ಲಿ ಪ್ಲಾನ್‌ನಷ್ಟೇ ವೇಗ, ಕೋಣೆಯಲ್ಲಿ ಮಾತ್ರ ಕಡಿಮೆ: ಸಮಸ್ಯೆ ವೈಫೈನದು. ಕಂಪನಿ ಬದಲಿಸಿದರೆ ಪ್ರಯೋಜನ ಕಡಿಮೆ.
* ಕೇಬಲ್‌ನಲ್ಲೂ ದಿನವಿಡೀ ಕಡಿಮೆ: ಲೈನ್ ಅಥವಾ ರೂಟರ್ ದೋಷ. ಮೊದಲು ದೂರು ಕೊಡಿ, ಸರಿಯಾಗದಿದ್ದರೆ ಬದಲಿಸಿ.
* ಕೇಬಲ್‌ನಲ್ಲಿ ರಾತ್ರಿ ಮಾತ್ರ ಕಡಿಮೆ: ಕಂಪನಿಯ ಜಾಲದಲ್ಲಿ ದಟ್ಟಣೆ ಇರುವ ಲಕ್ಷಣ. ಬದಲಿಸಲು ಇದು ಒಳ್ಳೆಯ ಕಾರಣ.

ಒಂದು ಎಚ್ಚರಿಕೆ: ಹಳೆಯ ರೂಟರ್ ಅಥವಾ ಲ್ಯಾಪ್‌ಟಾಪ್‌ನ ಪೋರ್ಟ್ 100 ಎಂಬಿಪಿಎಸ್ ಮಿತಿಯದ್ದಾಗಿದ್ದರೆ, ಲೈನ್ ಎಷ್ಟೇ ವೇಗದ್ದಿದ್ದರೂ ಪರೀಕ್ಷೆಯಲ್ಲಿ ಸುಮಾರು 95 ದಾಟುವುದಿಲ್ಲ.

ವೈಫೈ ದೋಷವಾದರೆ

ಟಿವಿ ಸ್ಟ್ಯಾಂಡ್‌ನ ಹಿಂದೆ, ಕಪಾಟಿನೊಳಗೆ ಕೂತ ರೂಟರನ್ನು ಮನೆಯ ನಡುಭಾಗಕ್ಕೆ, ಸ್ವಲ್ಪ ಎತ್ತರಕ್ಕೆ ತನ್ನಿ. 2.4 ಗಿಗಾಹರ್ಟ್ಸ್ ಸಿಗ್ನಲ್ ದೂರ ಹೋಗುತ್ತದೆ, ಆದರೆ ನಿಧಾನ. ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ಕಪಕ್ಕದ ಮನೆಗಳ ರೂಟರ್‌ಗಳೂ ಅದರಲ್ಲೇ ತುಂಬಿರುತ್ತವೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಕಾಂಕ್ರೀಟ್ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ದೊಡ್ಡ ಮನೆಯಾದರೆ ಎರಡನೇ ರೂಟರ್ ಅಥವಾ ಮೆಶ್ ವ್ಯವಸ್ಥೆ ಒಮ್ಮೆ ಮಾಡುವ ಖರ್ಚು. ದುಬಾರಿ ಪ್ಲಾನ್ ತಿಂಗಳು ತಿಂಗಳೂ ಕಟ್ಟಬೇಕಾದದ್ದು.

ನಿಜಕ್ಕೂ ಎಷ್ಟು ವೇಗ ಬೇಕು?

ನೆಟ್‌ಫ್ಲಿಕ್ಸ್ ಪ್ರಕಾರ ಫುಲ್ ಎಚ್‌ಡಿ ವಿಡಿಯೋಗೆ 5 ಎಂಬಿಪಿಎಸ್, 4ಕೆ ವಿಡಿಯೋಗೆ 15 ಎಂಬಿಪಿಎಸ್ ಇದ್ದರೆ ಸಾಕು. ವಿಡಿಯೋ ಮೀಟಿಂಗ್ ಒಂದಕ್ಕೆ 4 ಎಂಬಿಪಿಎಸ್ ಇಟ್ಟುಕೊಂಡರೂ, ಎರಡು ಟಿವಿಯಲ್ಲಿ 4ಕೆ ಮತ್ತು ಎರಡು ಮೀಟಿಂಗ್ ಒಟ್ಟಿಗೆ ನಡೆದರೆ 38 ಎಂಬಿಪಿಎಸ್ ಆಗುತ್ತದೆ. ಸರಿಯಾಗಿ ಬರುವ 100 ಎಂಬಿಪಿಎಸ್ ಲೈನ್ ಸಾಮಾನ್ಯ ಕುಟುಂಬಕ್ಕೆ ಧಾರಾಳ.

ವ್ಯತ್ಯಾಸ ಕಾಣುವುದು ದೊಡ್ಡ ಫೈಲ್‌ಗಳಲ್ಲಿ. 1 ಜಿಬಿ ಫೈಲ್ ಇಳಿಯಲು 100 ಎಂಬಿಪಿಎಸ್‌ನಲ್ಲಿ ಸುಮಾರು 80 ಸೆಕೆಂಡ್, 300ರಲ್ಲಿ ಸುಮಾರು 27 ಸೆಕೆಂಡ್. ವಿಡಿಯೋ ಎಡಿಟಿಂಗ್, ದೊಡ್ಡ ಬ್ಯಾಕಪ್‌ನಂಥ ಕೆಲಸ ಇರುವವರಿಗೆ ಇದು ಮುಖ್ಯ. ಅಂಥವರು ಡೌನ್‌ಲೋಡ್ ಜೊತೆಗೆ ಅಪ್‌ಲೋಡ್ ವೇಗವನ್ನೂ ಕೇಳಲೇಬೇಕು.

ಎಲ್ಲ 'ಫೈಬರ್' ಒಂದೇ ಅಲ್ಲ

ಕೆಲವು ಕಡೆ ಫೈಬರ್ ಕಟ್ಟಡದವರೆಗೆ ಮಾತ್ರ ಬಂದು, ಅಲ್ಲಿಂದ ಮನೆಗೆ ತಾಮ್ರದ ಕೇಬಲ್ ಇರುತ್ತದೆ. ಮನೆಯೊಳಗಿನ ಪೆಟ್ಟಿಗೆಯವರೆಗೂ ಫೈಬರ್ ಬರುತ್ತದೆಯೇ ಎಂದು ಕೇಳಿ. ಹಾಗೆ ಬಂದರೂ ಅದು ನಿಮ್ಮೊಬ್ಬರದ್ದೇ ಅಲ್ಲ. ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಫೈಬರ್‌ನ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳವರೆಗೆ ಹಂಚಲಾಗುತ್ತದೆ. ಆದ್ದರಿಂದ ಜಾಹೀರಾತಿಗಿಂತ, ಅದೇ ಕಟ್ಟಡದಲ್ಲಿ ಆ ಸಂಪರ್ಕ ಪಡೆದವರು ರಾತ್ರಿ 9ಕ್ಕೆ ಮಾಡಿದ ಸ್ಪೀಡ್ ಟೆಸ್ಟ್ ಹೆಚ್ಚು ನಂಬಲರ್ಹ. ರಿಪೇರಿಗೆ ಎಷ್ಟು ದಿನ ಕಾಯಬೇಕಾಯಿತು ಎಂಬುದನ್ನೂ ಅವರನ್ನೇ ಕೇಳಿ.

ಹಣದ ಲೆಕ್ಕ, ಬಾಡಿಗೆ ಮನೆಯ ಲೆಕ್ಕ

ಜಾಹೀರಾತಿನ ದರಕ್ಕೆ ಬಹುತೇಕ 18% ಜಿಎಸ್‌ಟಿ ಸೇರುತ್ತದೆ. ಉದಾಹರಣೆಗೆ, 699 ರೂ. ಪ್ಲಾನ್ ಬಿಟ್ಟು 999 ರೂ. ಪ್ಲಾನ್‌ಗೆ ಹೋದರೆ ತೆರಿಗೆ ಸೇರಿ ತಿಂಗಳಿಗೆ 354 ರೂ., ವರ್ಷಕ್ಕೆ 4,248 ರೂ. ಹೆಚ್ಚು.

'ಉಚಿತ ಇನ್‌ಸ್ಟಾಲೇಶನ್' ಅನೇಕ ಬಾರಿ 6 ಅಥವಾ 12 ತಿಂಗಳ ಹಣ ಮುಂಗಡ ಕಟ್ಟಿದವರಿಗೆ ಮಾತ್ರ. ಮುಂಬೈ, ಪುಣೆಯಂಥ ನಗರಗಳಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ನಡುವೆ ಮನೆ ಬದಲಿಸಿದರೆ ಹೊಸ ವಿಳಾಸಕ್ಕೆ ಸಂಪರ್ಕ ವರ್ಗಾಯಿಸುತ್ತಾರೆಯೇ, ಇಲ್ಲದಿದ್ದರೆ ಉಳಿದ ಹಣ ವಾಪಸ್ ಬರುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿ. ಗೋಡೆ ಕೊರೆಯಲು ಮನೆ ಮಾಲೀಕರ, ಕೇಬಲ್ ಎಳೆಯಲು ಸೊಸೈಟಿಯ ಒಪ್ಪಿಗೆಯೂ ಬೇಕಾಗಬಹುದು.

'ಅನ್‌ಲಿಮಿಟೆಡ್' ಎಂಬ ಪದದ ಕೆಳಗಿನ ಸಣ್ಣ ಅಕ್ಷರವನ್ನೂ ಓದಿ. ನಿಗದಿತ ಡೇಟಾ ಮುಗಿದ ಮೇಲೆ ವೇಗ ತೀರಾ ಇಳಿಯಬಹುದು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ ಏರಿಸಿದ್ದು 2 ಎಂಬಿಪಿಎಸ್‌ಗೆ ಮಾತ್ರ.

ಬದಲಿಸುವುದೇ ಆದರೆ ಹೀಗೆ ಮಾಡಿ

* ಮೊಬೈಲ್‌ನಂತೆ ಬ್ರಾಡ್‌ಬ್ಯಾಂಡನ್ನು ಪೋರ್ಟ್ ಮಾಡಲಾಗದು. ಹೊಸದು ಸರಿಯಾಗಿ ನಡೆಯುವವರೆಗೆ ಹಳೆಯದನ್ನು ಕಡಿತಗೊಳಿಸಬೇಡಿ.
* ಸಾಧ್ಯವಾದರೆ ಮೊದಲು ಒಂದು ತಿಂಗಳ ಪ್ಲಾನ್ ಮಾತ್ರ ತೆಗೆದುಕೊಳ್ಳಿ. ಆ ತಿಂಗಳಲ್ಲಿ ಕೇಬಲ್ ಪರೀಕ್ಷೆ ಮತ್ತೆ ಮಾಡಿ.
* ಆಫೀಸ್ ವಿಪಿಎನ್ ಮತ್ತು ಸಿಸಿಟಿವಿ ಹೊಸ ಲೈನ್‌ನಲ್ಲಿ ಕೆಲಸ ಮಾಡುತ್ತವೆಯೇ ನೋಡಿ.
* ಹಳೆಯ ಲ್ಯಾಂಡ್‌ಲೈನ್ ನಂಬರ್ ಬ್ಯಾಂಕ್‌ಗೆ ಕೊಟ್ಟಿದ್ದರೆ ಮೊದಲೇ ಬದಲಿಸಿ.
* ಕಂಪನಿಯ ರೂಟರ್ ಹಿಂತಿರುಗಿಸುವಾಗ ರಸೀದಿ ಪಡೆಯಿರಿ. ಇಲ್ಲದಿದ್ದರೆ ಡೆಪಾಸಿಟ್ ವಾಪಸ್ ಕೇಳುವುದು ಕಷ್ಟ.

ತಕರಾರು ಬಂದರೆ ಮೊದಲು ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ ಪಡೆಯಿರಿ, ಆಮೇಲೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಟ್ರಾಯ್ ವೈಯಕ್ತಿಕ ದೂರುಗಳನ್ನು ಇತ್ಯರ್ಥ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಆಗ ನೀವು ಬರೆದಿಟ್ಟ ಸ್ಪೀಡ್ ಟೆಸ್ಟ್ ಪಟ್ಟಿಯೇ ನಿಮ್ಮ ಪುರಾವೆಯಾಗುತ್ತದೆ.