ಮೊಬೈಲ್‌ನ ಚಲನ ಸಂವೇದಕದಿಂದ ಹೊಲದ ಇಳಿಜಾರು ಅರಿಯುವ ವಿಧಾನ



ಬೀದರ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದ್ದು, ಅದರ ಅಂಚಿನ ಹೊಲಗಳ ಇಳಿಜಾರು ಕಣ್ಣಿಗೇ ಕಾಣುತ್ತದೆ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಎರೆಭೂಮಿಯಲ್ಲಿ ಸಮತಟ್ಟೆಂದು ತೋರುವ ಹೊಲದಲ್ಲೂ ಶೇ 1 ರಿಂದ 2 ರಷ್ಟು ಇಳಿಜಾರು ಇರಬಹುದು. ಚೆನ್ನಾಗಿ ನೆನೆದ ಎರೆಮಣ್ಣಿನಲ್ಲಿ ನೀರು ಬಹಳ ನಿಧಾನವಾಗಿ ಇಂಗುತ್ತದೆ. ಆದ್ದರಿಂದ ಇಳಿಜಾರಿನ ಗುಂಟ ಸೋಯಾಅವರೆ, ಉದ್ದು ಅಥವಾ ತೊಗರಿ ಬಿತ್ತಿದಲ್ಲಿ ಪ್ರತಿ ಸಾಲೂ ಮೇಲ್ಮಣ್ಣನ್ನು ಹೊತ್ತೊಯ್ಯುವ ಕಾಲುವೆಯಾಗುತ್ತದೆ. ಕೂರಿಗೆ ಹೂಡುವ ಮೊದಲೇ ಇಳಿಜಾರಿನ ದಿಕ್ಕನ್ನು ತಿಳಿಯಲು ನಿಮ್ಮ ಮೊಬೈಲ್ ನೆರವಾಗುತ್ತದೆ.

ಸಂವೇದಕ ತೋರಿಸುವುದೇನು?

ಮೊಬೈಲ್‌ನಲ್ಲಿರುವ ಆಕ್ಸಿಲರೋಮೀಟರ್ ಎಂಬ ಸಂವೇದಕವು ಭೂಮಿಯ ಗುರುತ್ವವನ್ನು ಎಕ್ಸ್, ವೈ, ಝಡ್ ಎಂಬ ಮೂರು ದಿಕ್ಕುಗಳಲ್ಲಿ ಅಳೆಯುತ್ತದೆ. ಸಮತಟ್ಟಾದ ಜಾಗದಲ್ಲಿ ಅಂಗಾತ ಇಟ್ಟಾಗ ಝಡ್ ಸುಮಾರು 9.8, ಉಳಿದೆರಡು ಸೊನ್ನೆಯ ಸಮೀಪ ಇರುತ್ತವೆ. ಮೊಬೈಲ್ ಉದ್ದಕ್ಕೆ ವಾಲಿದಾಗ ವೈ ಬದಲಾಗುತ್ತದೆ. ಜರ್ಮನಿಯ ಆಖನ್ ತಾಂತ್ರಿಕ ವಿಶ್ವವಿದ್ಯಾಲಯದ ಉಚಿತ ಆ್ಯಪ್ 'ಫೈಫಾಕ್ಸ್' ಈ ಅಂಕಿಗಳನ್ನು ತೋರಿಸುತ್ತದೆ. ಅದರಲ್ಲಿ ಗುರುತ್ವ ಸಹಿತವಾದ ಮಾಪನವನ್ನೇ ಆಯ್ಕೆ ಮಾಡಬೇಕು. ಗುರುತ್ವ ಕಳೆದ ಮಾಪನದಲ್ಲಿ ಇಳಿಜಾರು ಕಾಣುವುದಿಲ್ಲ.

ಅಳೆಯುವ ಕ್ರಮ

1. ಹೊಲ ಹರಗಿದ ನಂತರ, ಮಳೆಗೆ ಮುನ್ನ, ಹೆಂಟೆಗಳನ್ನು ಸರಿಸಿ 10 ಅಡಿ ಉದ್ದದ ನೇರ ಪಟ್ಟಿಯನ್ನು ನೆಲದ ಮೇಲಿಡಿ.
2. ಕವಚ ತೆಗೆದ ಮೊಬೈಲನ್ನು ಪಟ್ಟಿಯ ಉದ್ದಕ್ಕೆ ಅಲುಗದಂತೆ ಇರಿಸಿ.
3. ಪಟ್ಟಿಯನ್ನು ಅದೇ ಸ್ಥಳದಲ್ಲಿ ಸುತ್ತ ತಿರುಗಿಸುತ್ತಾ ವೈ ಅಂಕಿ ಅತಿ ಹೆಚ್ಚಾಗುವ ದಿಕ್ಕನ್ನು ಗುರುತಿಸಿ. ಮೊಬೈಲ್‌ನ ತಲೆಭಾಗ ಆಗ ಏರಿನ ಕಡೆಗಿರುತ್ತದೆ. ಬಿತ್ತನೆ ಸಾಲು ಇದಕ್ಕೆ ಅಡ್ಡಲಾಗಿರಬೇಕು.
4. ಆ ದಿಕ್ಕಿನಲ್ಲಿ ಪಟ್ಟಿಯನ್ನು ಕದಲಿಸದೆ, 10 ಸೆಕೆಂಡು ಕಾದು ಅಂಕಿ ಬರೆದುಕೊಳ್ಳಿ. ನಂತರ ಮೊಬೈಲನ್ನು ಮಾತ್ರ ಅದೇ ಜಾಗದಲ್ಲಿ ತಲೆ-ಬುಡ ತಿರುಗಿಸಿಟ್ಟು ಮತ್ತೊಮ್ಮೆ ಬರೆದುಕೊಳ್ಳಿ.
5. ಮೊದಲ ಅಂಕಿಯಿಂದ ಎರಡನೆಯದನ್ನು ಕಳೆದು, 2 ರಿಂದ ಭಾಗಿಸಿ. ಬಂದುದನ್ನು 9.8 ರಿಂದ ಭಾಗಿಸಿ 100 ರಿಂದ ಗುಣಿಸಿದರೆ ಶೇಕಡಾ ಇಳಿಜಾರು ದೊರೆಯುತ್ತದೆ.
6. ಹೊಲದ ಕನಿಷ್ಠ ಐದು ಕಡೆ ಇದೇ ರೀತಿ ಅಳೆಯಿರಿ.

ಉದಾಹರಣೆ: ಮೊದಲ ಅಂಕಿ 0.32, ತಿರುಗಿಸಿದಾಗ −0.08 ಬಂದರೆ ವ್ಯತ್ಯಾಸ 0.40, ಅದರ ಅರ್ಧ 0.20; ಅಂದರೆ ಇಳಿಜಾರು ಸುಮಾರು ಶೇ 2. ತಿರುಗಿಸದೆ ಮೊದಲ ಅಂಕಿಯನ್ನೇ ನಂಬಿದ್ದರೆ ಶೇ 3.3 ಎಂದು ತಪ್ಪಾಗಿ ತಿಳಿಯುತ್ತಿದ್ದೆವು. ಸಂವೇದಕದ ಸಹಜ ದೋಷ, ಹಿಂಬದಿಯ ಕ್ಯಾಮೆರಾದ ಉಬ್ಬು ಇವೆರಡರ ಪರಿಣಾಮವೂ ತಿರುಗಿಸಿ ಅಳೆದಾಗ ಬಹುಮಟ್ಟಿಗೆ ಕಳೆದುಹೋಗುತ್ತದೆ.

ಎಲ್ಲಿ ನಂಬಬಾರದು?

ಅಗಲ ಏರುಮಡಿ ಮತ್ತು ಸಾಲು ಪದ್ಧತಿಯಲ್ಲಿ ಸಾಲುಗಳಿಗೆ ಶೇ 0.4 ರಿಂದ 0.8 ರಷ್ಟು ಇಳಿಜಾರು ಕೊಡಲಾಗುತ್ತದೆ. ಅಂದರೆ 30 ಮೀಟರ್ ಉದ್ದಕ್ಕೆ 12 ರಿಂದ 24 ಸೆಂಟಿಮೀಟರ್ ಇಳಿತ. 10 ಅಡಿಯ ಪಟ್ಟಿಯಡಿ ಇದು ಒಂದೆರಡು ಸೆಂಟಿಮೀಟರ್ ಮಾತ್ರ. ಒಂದು ಹೆಂಟೆ ಸಿಕ್ಕಿದರೂ ಲೆಕ್ಕ ಕೆಡುತ್ತದೆ. ಇಳಿತ ಕಡಿಮೆಯಾದರೆ ಸಾಲಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಹೆಚ್ಚಾದರೆ ಸಾಲು ಕೊರೆಯುತ್ತದೆ. ಒಡ್ಡು ಹಾಕುವಾಗಲೂ ಇದೇ ಅಪಾಯವಿದೆ: ಮಟ್ಟ ತಪ್ಪಿದ ಒಡ್ಡಿನ ತಗ್ಗಿನಲ್ಲಿ ನೀರು ಸೇರಿ ಅಲ್ಲಿಯೇ ಒಡೆಯುತ್ತದೆ.

ಆದ್ದರಿಂದ ಬಿತ್ತನೆಯ ದಿಕ್ಕು ಹಾಗೂ ಇಳಿಜಾರಿನ ಅಂದಾಜಿಗೆ ಮೊಬೈಲ್ ಬಳಸಿ. ಏರುಮಡಿ ಮತ್ತು ಒಡ್ಡುಗಳ ಮಟ್ಟವನ್ನು ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಅಥವಾ ಸರ್ವೆ ಉಪಕರಣದಿಂದಲೇ ಗುರುತಿಸಿ. ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆಗಳಲ್ಲಿ ಈ ಎರಡು ಕೆಲಸಗಳ ವ್ಯತ್ಯಾಸವನ್ನು ರೈತರಿಗೆ ತಪ್ಪದೆ ಮನವರಿಕೆ ಮಾಡಿಕೊಡಬೇಕು. ಹೆಚ್ಚಿನ ಮಾಹಿತಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಬೀದರ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.